ಇಸಿಲಕ್ಕೆ ಬಂದ ಓಲೆ

ಚಳ್ಳಕೆರೆಯನ್ನು ಬಿಟ್ಟು ಬಳ್ಳಾರಿಯ ಹಾದಿ ಹಿಡಿದರೆ ವೆಂಕಣ್ಣಯ್ಯನವರ ತಳುಕು ಸಿಗುತ್ತದೆ. ಅದನ್ನು ದಾಟಿ ಇನ್ನೂ ಮುಂದೆ ಹೋದರೆ ಮೊಳಕಾಲ್ಮೂರಿನ ಸೀಮೆ. ಎರಡು ಕಡೆಗೂ ಶೇಂಗಾದ ಹೊಲ, ಕುರಿಯ ಹಿಂಡು, ಯಾರೋ ಕುಳಿತು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಗುಂಡುಕಲ್ಲಿನ ಗುಡ್ಡಗಳು. ಮಳೆರಾಯ ಈ ಕಡೆಯ ನಂಟನಲ್ಲ; ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಈ ಬೋಳುಗುಡ್ಡಗಳ ನಡುವೆ, ಚಿನ್ನಹಗರಿಯ ಆಸುಪಾಸಿನಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ, ಒಂದೇ ಓಲೆಯನ್ನು ಮೂರು ಬಂಡೆಗಳ ಮೇಲೆ ಕೆತ್ತಿದೆ. ಓಲೆ ಬರೆಸಿದವನು ಮೌರ್ಯ ಅಶೋಕ. ಕ್ರಿ.ಪೂ. ಮೂರನೆಯ ಶತಮಾನದ ಈ ಬರಹಗಳನ್ನು 1892ರಲ್ಲಿ ಬೆಳಕಿಗೆ ತಂದವರು ನಮ್ಮ ರೈಸ್ ಸಾಹೇಬರು. ಅಲ್ಲಿಯವರೆಗೆ ಮೌರ್ಯರ ಆಳಿಕೆ ಮೈಸೂರು ಸೀಮೆಯನ್ನು ಮುಟ್ಟಿತ್ತೆಂಬುದಕ್ಕೆ ಜೈನರ ಐತಿಹ್ಯವುಂಟು, ಕಲ್ಲಿನ ಸಾಕ್ಷಿ ಇರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಿನವರು ಅಕ್ಷರಗುಂಡು ಎಂದು ಕರೆಯುತ್ತಿದ್ದರಂತೆ. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ಜನ ಮರೆತಿರಲಿಲ್ಲ.

ಈ ಶಾಸನವನ್ನು ಧರ್ಮೋಪದೇಶವೆಂದು ಓದುವವರು ಬಹಳ ಮಂದಿ ಇದ್ದಾರೆ. ಮೂವತ್ತು ವರ್ಷಕ್ಕೆ ಮಿಕ್ಕಿ ಕಚೇರಿಯ ಟಪಾಲು ನೋಡಿದ ಕಣ್ಣು ನನ್ನದು; ನನಗೆ ಅದು ಮೊದಲು ಒಂದು ಸುತ್ತೋಲೆಯಾಗಿಯೇ ಕಾಣುತ್ತದೆ. ಮೇಲಿನವನೊಬ್ಬ ಕೆಳಗಿನವರಿಗೆ, ದೂರದಲ್ಲಿರುವವರಿಗೆ, ತಾನು ಎಂದೂ ಮುಖ ನೋಡದ ಜನಕ್ಕೆ, ಹೀಗೆ ಹೀಗೆ ನಡೆಯಿರಿ ಎಂದು ಬರೆಸಿ ಕಳುಹಿಸಿದ ಕಾಗದ. ಈಚೆಗೆ ಕಚೇರಿ ಕಾರ್ಖಾನೆಗಳಲ್ಲಿ ಮೇಲಿನ ಹುದ್ದೆಗೆ ಬಂದವರಿಗೆಲ್ಲ ತರಬೇತಿ ಶಿಬಿರ ನಡೆಸುವ ರೂಢಿ ಬಂದಿದೆಯಷ್ಟೆ. ಅಂಥ ಒಂದೆರಡು ಶಿಬಿರಗಳಲ್ಲಿ ನಾನೂ ಕುಳಿತಿದ್ದೇನೆ. ನಾಯಕನಾದವನು ಕಾಲಕ್ಕೆ ತಕ್ಕಂತೆ ಬದಲಾಗಬೇಕು, ಬಿದಿರಿನಂತೆ ಬಾಗಬೇಕು ಎಂದು ಗೋಡೆಯ ಮೇಲೆ ಚಿತ್ರ ಮೂಡಿಸಿ ಬೋಧಿಸುತ್ತಾರೆ. ಬೋಧಕರು ಚೂಟಿಯಾದ ಹುಡುಗರು, ಮಾತು ಸೊಗಸಾಗಿಯೇ ಇರುತ್ತದೆ. ಆದರೆ ಬಾಗುವುದೆಂದರೇನು, ಎಷ್ಟರವರೆಗೆ ಬಾಗುವುದು, ಬಾಗಿದ್ದು ಕುರ್ಚಿಯಲ್ಲಿ ಕುಳಿತವನೋ ಅವನ ಮುಂದೆ ನಿಂತವನೋ ಎಂಬುದು ಮಾತ್ರ ಆ ಚಿತ್ರಗಳಿಂದ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಒಬ್ಬ ಒಡೆಯನ ಕಾಗದಪತ್ರಗಳನ್ನು ಸಾಲಾಗಿ ಇಟ್ಟುಕೊಂಡು ಓದಬೇಕು. ಅಶೋಕನ ಕಾಗದಪತ್ರ ಬಂಡೆಯ ಮೇಲಿರುವುದರಿಂದ ಗೆದ್ದಲು ತಿಂದಿಲ್ಲ; ಹಾಗಾಗಿ ಅವನೇ ನಮಗೆ ಅನುಕೂಲದ ಮನುಷ್ಯ.

ಬ್ರಹ್ಮಗಿರಿಯ ಓಲೆ ನೇರವಾಗಿ ದೊರೆಯ ಮಾತಿನಿಂದ ಮೊದಲಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿಕಳುಹಿಸಿದ್ದು ಎಂದು ಮೊದಲಾಗುತ್ತದೆ. ಆರ್ಯಪುತ್ರನೆಂದರೆ ದಕ್ಷಿಣದ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರ. ಮಹಾಮಾತ್ರರು ಹಿರಿಯ ಅಧಿಕಾರಿಗಳು. ಸುವರ್ಣಗಿರಿ ಯಾವುದೆಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಮಸ್ಕಿ ಎಂದವರುಂಟು, ಕನಕಗಿರಿ ಎಂದವರುಂಟು, ಆಂಧ್ರದ ಜೊನ್ನಗಿರಿ ಎಂದವರೂ ಉಂಟು. ಇಸಿಲ ಮಾತ್ರ ಈ ಸಿದ್ದಾಪುರ ಬ್ರಹ್ಮಗಿರಿಗಳ ನೆಲವೇ ಎಂದು ಹೆಚ್ಚಿನವರು ಒಪ್ಪುತ್ತಾರೆ. ಓಲೆಯ ಮೊದಲ ಕೆಲಸ ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸುವುದು. ಅದಾದ ಮೇಲೆ ದೊರೆಯ ಆಜ್ಞೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಆಂಧ್ರದ ಎರ್ರಗುಡಿಯಲ್ಲಿಯೂ ಇದೇ ಆಜ್ಞೆಯ ಪ್ರತಿಗಳು ಸಿಕ್ಕಿವೆ. ಅಲ್ಲೆಲ್ಲ ಈ ಕುಶಲಪ್ರಶ್ನೆಯಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಆಜ್ಞೆಯ ಜೊತೆಗೆ ಸುವರ್ಣಗಿರಿಯ ಕಚೇರಿಯವರು ಒಂದು ಮೇಲುಕಾಗದ ಲಗತ್ತಿಸಿದ್ದರು. ಇಸಿಲದವರು ಬಂದದ್ದನ್ನು ಬಂದ ಹಾಗೆ, ಲಗತ್ತು ಸಮೇತ, ಕಲ್ಲಿಗೆ ಏರಿಸಿಬಿಟ್ಟರು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಆ ಗುಮಾಸ್ತನ ಚಾಚೂ ತಪ್ಪದ ನಿಷ್ಠೆಯಿಂದಲೇ ಇಸಿಲವೆಂಬ ಊರಿನ ಹೆಸರು ನಮಗೆ ಉಳಿದಿದೆ.

ಇನ್ನು ಆಜ್ಞೆಯ ಒಡಲು. ದೊರೆ ತನ್ನ ಅಧಿಕಾರಿಗಳಿಗೆ ಹೇಳುವ ಮೊದಲ ಮಾತೇ ವಿಚಿತ್ರವಾಗಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತು. ಆದರೆ ಮೊದಲ ಒಂದು ವರ್ಷ ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ. ಸಂಘದ ಸಮೀಪಕ್ಕೆ ಹೋದ ಮೇಲೆ, ಈ ಒಂದು ವರ್ಷದಿಂದ ಈಚೆಗೆ, ಚೆನ್ನಾಗಿ ಶ್ರಮಿಸಿದ್ದೇನೆ. ಭಾವ ಇಷ್ಟು. ಸಾಮ್ರಾಜ್ಯದ ಒಡೆಯ, ಹಿಂದೂಕುಷ್‌ನಿಂದ ಚಿನ್ನಹಗರಿಯವರೆಗೆ ಆಜ್ಞೆ ನಡೆಸುವವನು, ನಾನು ಒಂದು ವರ್ಷ ಸುಮ್ಮನಿದ್ದೆ ಎಂದು ಬಂಡೆಯ ಮೇಲೆ ಬರೆಸುತ್ತಾನೆ! ಯಾವ ಮೇಲಧಿಕಾರಿ ತನ್ನ ಸುತ್ತೋಲೆಯ ಮೊದಲ ವಾಕ್ಯದಲ್ಲಿ ಇಂಥದನ್ನು ಬರೆದಾನು? ಇದರಲ್ಲಿ ಒಂದು ಜಾಣತನವೂ ಇದೆ. ಆಜ್ಞೆಯ ಮುಂದಿನ ಮಾತು, ಶ್ರಮದ ಈ ಫಲ ದೊಡ್ಡವರಿಗೆ ಮಾತ್ರ ಸಿಕ್ಕುವಂಥದಲ್ಲ, ಸಣ್ಣವನೂ ಶ್ರಮಿಸಿದರೆ ಪಡೆಯಬಹುದು ಎಂಬುದು. ದೊಡ್ಡವನು ತಾನೇ ಒಂದು ವರ್ಷ ತಡವಾಗಿ ಹೊರಟನೆಂದು ತಿಳಿದ ಮೇಲೆ ಸಣ್ಣವನಿಗೆ ಹೊರಡಲು ಸಂಕೋಚವೇಕೆ?

ಇದೇ ಮನುಷ್ಯ ಬೇರೊಂದು ಕಡೆ ತನ್ನ ಅಡುಗೆಮನೆಯ ಲೆಕ್ಕವನ್ನೂ ಒಪ್ಪಿಸುತ್ತಾನೆ. ಹಿಂದೆ ದಿನಂಪ್ರತಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಸಾರಿಗಾಗಿ ಕೊಲ್ಲುತ್ತಿದ್ದರು; ಈಗ ಮೂರು ಮಾತ್ರ, ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ಪ್ರತಿದಿನವಲ್ಲ; ಮುಂದೆ ಇವನ್ನೂ ಕೊಲ್ಲುವುದಿಲ್ಲ. ಸುಧಾರಣೆ ಮುಗಿಯಿತೆಂದು ಡಂಗುರ ಹೊಡೆಸಿದ್ದರೆ ಯಾರು ಹೋಗಿ ಒಲೆಯ ಮುಂದೆ ಲೆಕ್ಕ ಮಾಡುತ್ತಿದ್ದರು? ಇನ್ನೂ ಮೂರು ಬಾಕಿ ಇದೆ ಎಂದು ಬರೆಸಿದ್ದಾನೆ. ನನಗೆ ಆ ಎರಡು ನವಿಲುಗಳ ಮೇಲೆ ಬಹಳ ನಂಬಿಕೆ.

ಬ್ರಹ್ಮಗಿರಿಯ ಓಲೆಯಲ್ಲಿ ಎರಡನೆಯ ಭಾಗವೊಂದಿದೆ. ತಂದೆತಾಯಿಯರ ಮಾತು ಕೇಳಬೇಕು, ಹಿರಿಯರಿಗೆ ನಡೆದುಕೊಳ್ಳಬೇಕು, ಜೀವಿಗಳ ವಿಷಯದಲ್ಲಿ ದೃಢವಾದ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು, ನೆಂಟರಿಷ್ಟರಲ್ಲಿ ತಕ್ಕಂತೆ ನಡೆಯಬೇಕು. ಇಷ್ಟನ್ನು ಹೇಳಿ, ಇದು ಪುರಾತನವಾದ ಪ್ರಕೃತಿ, ಬಹುಕಾಲ ಬಾಳುವಂಥದು ಎಂದು ಮುಗಿಸುತ್ತಾನೆ. ಇದರಲ್ಲಿ ಹೊಸದೇನು ಬಂತು, ಯಾವ ಮುದುಕಿಯೂ ಮೊಮ್ಮಗನಿಗೆ ಹೇಳುವ ಮಾತಲ್ಲವೆ ಎಂದು ಕೆಲವರು ಮೂಗುಮುರಿದಿದ್ದಾರೆ. ಆ ಮಾತು ನಿಜ. ಆದರೆ ವಿಶೇಷವಿರುವುದೂ ಅಲ್ಲೇ. ಓಲೆಯ ಮೊದಲ ಭಾಗದಲ್ಲಿ ಉಪಾಸಕ, ಸಂಘ ಎಂಬ ಮಾತುಗಳು ಬರುತ್ತವೆ. ಇಸಿಲದ ಸುತ್ತಿನ ದನಗಾಹಿಗೆ, ಬೇಟೆಗಾರನಿಗೆ, ರಾಗಿಯೋ ಹುರುಳಿಯೋ ಬಿತ್ತುತ್ತಿದ್ದ ಒಕ್ಕಲಿಗನಿಗೆ ಸಂಘವೆಂದರೇನು? ಎರಡನೆಯ ಭಾಗ ಅವನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೊಸ ನಡತೆಯನ್ನು ಹಳೆಯದೆಂದು ಹೇಳಿ ಕೊಡುವುದು ಒಂದು ಬಗೆ. ಹಾಗೆ ಹೇಳುವುದು ಸುಳ್ಳಾಗದಂತೆ, ಜನದಲ್ಲಿ ಆಗಲೇ ಇದ್ದದ್ದನ್ನು ಹುಡುಕಿ ಆರಿಸಿ ಹೇಳುವುದು ಇನ್ನೊಂದು ಬಗೆ. ಅಶೋಕ ಮಾಡಿದ್ದು ಎರಡನೆಯದು.

ನಿಟ್ಟೂರು, ಉದೆಗೊಳ, ಎರ್ರಗುಡಿಯ ಪ್ರತಿಗಳಲ್ಲಿ ಈ ಭಾಗದ ಜೊತೆಗೆ ಒಂದು ಪಟ್ಟಿಯೂ ಇದೆ. ರಜ್ಜುಕನೆಂಬ ಅಧಿಕಾರಿಗೆ ಹೇಳಿ, ಅವನು ನಾಡಿನ ಜನಕ್ಕೂ ರಾಷ್ಟ್ರಿಕರಿಗೂ ಹೇಳಲಿ. ಆನೆಯ ಮಾವುತರು, ಕರಣಿಕರು, ರಥದ ವಿದ್ಯೆ ಕಲಿಸುವವರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಹಳೆಯ ಸಂಪ್ರದಾಯದಂತೆಯೇ ಕಲಿಸಲಿ ಎಂದು. ಆನೆ ಪಳಗಿಸುವವನ ಶಿಷ್ಯವೃತ್ತಿಯನ್ನೂ ವೇದ ಹೇಳುವವನ ಶಿಷ್ಯವೃತ್ತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಪಟ್ಟಿ ಬ್ರಹ್ಮಗಿರಿಯಲ್ಲಿಲ್ಲ. ಅಲ್ಲಿ ಸೈನ್ಯ, ಕಚೇರಿ, ಪಾಠಶಾಲೆಗಳ ಸಂದಣಿ ಅಷ್ಟಿರಲಿಲ್ಲವೋ ಏನೋ. ಒಟ್ಟಿನಲ್ಲಿ ಒಂದು ದಿನದ ಪ್ರಯಾಣದ ಆಚೆಗೆ ಆಜ್ಞೆ ತನ್ನ ಮೈಯನ್ನು ಬದಲಿಸಿಕೊಂಡಿದೆ.

ಹೀಗೆ ಬದಲಿಸಿಕೊಳ್ಳುವುದಕ್ಕೆ ದೊರೆಯ ಒಪ್ಪಿಗೆ ಇತ್ತೆ, ಅಥವಾ ಕೆಳಗಿನವರು ಮಾಡಿದ ಅಧ್ವಾನವೆ? ಇದಕ್ಕೆ ಅವನೇ ಉತ್ತರ ಬರೆಸಿದ್ದಾನೆ. ದೊಡ್ಡ ಬಂಡೆಶಾಸನಗಳಲ್ಲಿ ಹದಿನಾಲ್ಕನೆಯದು ಪೂರ್ತಿ ಈ ಒಂದೇ ವಿಷಯಕ್ಕೆ ಮೀಸಲು. ನನ್ನ ಆಜ್ಞೆಗಳು ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ, ಎಲ್ಲವೂ ಎಲ್ಲ ಕಡೆಗೂ ಒಪ್ಪುವುದಿಲ್ಲ, ರಾಜ್ಯ ದೊಡ್ಡದು, ಸೊಗಸಿಗಾಗಿ ಕೆಲವು ಮಾತನ್ನು ಮತ್ತೆ ಮತ್ತೆ ಹೇಳಿದ್ದೂ ಉಂಟು, ಎಲ್ಲಾದರೂ ಅಪೂರ್ಣವಾಗಿದ್ದರೆ ಅದು ಆ ಎಡೆಯನ್ನು ನೋಡಿಯೋ, ಕಾರಣವನ್ನು ಎಣಿಸಿಯೋ, ಬರೆದವನ ತಪ್ಪಿನಿಂದಲೋ ಆಗಿರಬಹುದು. ಗುಮಾಸ್ತನ ಕೈತಪ್ಪಿಗೂ ಒಂದು ಸ್ಥಾನ ಕೊಟ್ಟು ಬರೆದ ಇಂಥ ಟಿಪ್ಪಣಿಯನ್ನು ನಾನು ಬೇರೆ ಯಾವ ರಾಜನ ಕಡತದಲ್ಲಿಯೂ ಕಂಡಿಲ್ಲ.

ಎಲ್ಲವೂ ಎಲ್ಲ ಕಡೆಗೂ ಒಪ್ಪುವುದಿಲ್ಲವೆಂಬ ಮಾತಿನ ಅರ್ಥ ಕಳಿಂಗದಲ್ಲಿ ತಿಳಿಯುತ್ತದೆ. ಪಟ್ಟಕ್ಕೆ ಬಂದ ಎಂಟನೆಯ ವರ್ಷ ಅಶೋಕ ಕಳಿಂಗವನ್ನು ಗೆದ್ದ. ಸೆರೆಯಾಗಿ ಸಾಗಿದವರು ಒಂದೂವರೆ ಲಕ್ಷ, ಸತ್ತವರು ಒಂದು ಲಕ್ಷ, ಆಮೇಲೆ ಅಳಿದವರು ಅದರ ಎಷ್ಟೋ ಪಾಲು ಎಂದು ಹದಿಮೂರನೆಯ ಶಾಸನದಲ್ಲಿ ಅವನೇ ಹೇಳಿದ್ದಾನೆ. ತನ್ನ ಪಶ್ಚಾತ್ತಾಪವನ್ನೂ ಹೇಳಿದ್ದಾನೆ. ಆ ಶಾಸನ ವಾಯವ್ಯದ ಗಡಿಯಲ್ಲಿದೆ, ಗಿರಿನಾರದಲ್ಲಿದೆ, ಎರ್ರಗುಡಿಯಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ. ಸೋತವರ ಮನೆಯ ಮುಂದೆ ಸಾವಿನ ಲೆಕ್ಕವನ್ನು ಕೆತ್ತಿಸುವುದು ಬೇಡವೆಂದು ತೋರಿತೋ, ಅಥವಾ ಪೆಟ್ಟು ತಿಂದವರಿಗೆ ಪಶ್ಚಾತ್ತಾಪದ ಮಾತು ಬಾಯುಪಚಾರವಾಗಿ ಕೇಳೀತೆಂದು ಅಂಜಿದನೋ. ಇದನ್ನು ಮರೆಮಾಚುವಿಕೆ ಎನ್ನುವ ಚರಿತ್ರಕಾರರಿದ್ದಾರೆ. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಬಿಟ್ಟ ಜಾಗದಲ್ಲಿ ಏನನ್ನು ತುಂಬಿಸಿದ ಎಂಬುದನ್ನೂ ನೋಡಬೇಕಾಗುತ್ತದೆ. ಅಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಕ್ಷಮೆ ಕೇಳುವುದರ ಬದಲು ಅವು ಅಧಿಕಾರಿಗಳ ಕಿವಿ ಹಿಂಡುತ್ತವೆ.

ಎಲ್ಲ ಜನರೂ ನನ್ನ ಮಕ್ಕಳು ಎಂಬ ಪ್ರಸಿದ್ಧವಾದ ಮಾತು ಬರುವುದು ಅಲ್ಲೇ. ಅದನ್ನು ಎಲ್ಲರೂ ಬಲ್ಲರು. ಅದರ ಕೆಳಗೇ ಇರುವ ಮಾತುಗಳನ್ನು ಕಂಡವರು ಕಡಿಮೆ. ನಗರದಲ್ಲಿ ನ್ಯಾಯ ನೋಡುವ ಅಧಿಕಾರಿಗಳನ್ನು ಉದ್ದೇಶಿಸಿ, ಕಾರಣವಿಲ್ಲದೆ ಒಬ್ಬ ಸೆರೆಗೆ ಬೀಳುತ್ತಾನೆ, ಹಿಂಸೆಗೆ ಒಳಗಾಗುತ್ತಾನೆ, ಹೀಗಾಗಬಾರದು ಎನ್ನುತ್ತಾನೆ. ಹೀಗಾಗಲು ಕಾರಣ ಏನೇನು? ಅಸೂಯೆ, ಸಿಡುಕು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ. ಏಳು ದೋಷಗಳ ಈ ಪಟ್ಟಿಯಲ್ಲಿ ಕೊನೆಯದು ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದೆ. ಕ್ರೌರ್ಯವನ್ನೂ ದಣಿವನ್ನೂ ಒಂದೇ ಸಾಲಿನಲ್ಲಿ ಕೂರಿಸಿದವನು ಕಚೇರಿಯ ಸಂಜೆಯನ್ನು ಬಲ್ಲವನೇ ಇರಬೇಕು. ಸಂಜೆ ಐದರ ಮೇಲೆ ಬಂದ ಅರ್ಜಿಗಳ ಪೈಕಿ ಎಷ್ಟು ದ್ವೇಷದಿಂದ ತಿರಸ್ಕೃತವಾಗುತ್ತವೆ, ಎಷ್ಟು ದಣಿವಿನಿಂದ?

ಆ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು. ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಐದು ವರ್ಷಕ್ಕೊಮ್ಮೆ ಕಠಿನನೂ ಸಿಡುಕನೂ ಅಲ್ಲದ ಒಬ್ಬ ಮಹಾಮಾತ್ರ ತಿರುಗಿ ನೋಡಿಬರುತ್ತಾನೆ. ಉಜ್ಜಯಿನಿಯ ಮತ್ತು ತಕ್ಷಶಿಲೆಯ ರಾಜಕುಮಾರರು ಮೂರು ವರ್ಷ ಮೀರದಂತೆ ಅಂಥವರನ್ನು ಕಳುಹಿಸಬೇಕು. ಈ ಪ್ರತ್ಯೇಕ ಶಾಸನಗಳು ಕಳಿಂಗಕ್ಕೆ ಮಾತ್ರ ಸೇರಿದವೆಂದು ಬಹುಕಾಲ ತಿಳಿದಿದ್ದರು. 1980ರ ದಶಕದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮೆಯ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದೊಳಗೆ, ಕಾಳಿಯ ಗುಡಿಯಲ್ಲಿ ಪೀಠವಾಗಿದ್ದ ಒಂದು ಚಪ್ಪಡಿಯ ಮೇಲೆ ಅವೇ ಸಿಕ್ಕಿದವು! ಜೊತೆಗೆ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳೂ ಇವೆ. ಅಂದರೆ ಭೀಮಾತೀರದ ಅಧಿಕಾರಿಗಳಿಗೂ ಆ ಏಳು ದೋಷಗಳ ಓದು ಬೇಕೆಂದು ಯಾರಿಗೋ ತೋರಿತ್ತು.

ಹೇಳುವುದಕ್ಕೆ ಇಷ್ಟು ಏರ್ಪಾಡು ಮಾಡಿದವನು ಕೇಳುವುದಕ್ಕೆ ಏನು ಮಾಡಿದ? ಆರನೆಯ ಶಾಸನವನ್ನು ನೋಡಬೇಕು. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ಕೆಲಸದ ವರದಿಯನ್ನು ಯಾವಾಗ ಬೇಕಾದರೂ ತರಬಹುದು ಎಂದಿದ್ದಾನೆ. ಇದು ಸಾಮಾನ್ಯವಾಗಿ ಎಲ್ಲ ಪಾಠಪುಸ್ತಕಗಳಲ್ಲಿಯೂ ಇದೆ. ಅದರ ಮುಂದಿನ ಮಾತು ಇನ್ನೂ ದೊಡ್ಡದು: ನಾನು ಬಾಯಿಮಾತಿನಲ್ಲಿ ಕೊಟ್ಟ ಆಜ್ಞೆಯ ಬಗ್ಗೆಯೋ, ಮಹಾಮಾತ್ರರಿಗೆ ವಹಿಸಿದ ತುರ್ತಿನ ಕೆಲಸದ ಬಗ್ಗೆಯೋ ಪರಿಷತ್ತಿನಲ್ಲಿ ವಿವಾದವೆದ್ದರೆ, ಮರುಪರಿಶೀಲನೆಯ ಮಾತು ಬಂದರೆ, ಅದನ್ನು ತಡವಿಲ್ಲದೆ ನನಗೆ ತಿಳಿಸಬೇಕು. ಒಪ್ಪಿಗೆಯ ಸುದ್ದಿ ನಿಧಾನವಾಗಿ ಬರಲಿ. ಭಿನ್ನಾಭಿಪ್ರಾಯ ಓಡುತ್ತಾ ಬರಬೇಕು. ನಾನು ಕಂಡ ಮಟ್ಟಿಗೆ ಕಚೇರಿಗಳಲ್ಲಿ ಇವೆರಡೂ ತಿರುಗುಮುರುಗಾಗಿ ಚಲಿಸುತ್ತವೆ.

ಅವನ ಕಾಗದಪತ್ರಗಳನ್ನು ಕಾಲದ ಸಾಲಿನಲ್ಲಿಟ್ಟರೆ ಇನ್ನೊಂದು ಬದಲಾವಣೆಯೂ ಕಾಣುತ್ತದೆ. ಬ್ರಹ್ಮಗಿರಿಯ ಓಲೆ ಅವನ ಮೊದಮೊದಲಿನ ಬರಹಗಳಲ್ಲಿ ಸೇರಿದ್ದು. ಹೊಸದಾಗಿ ಒಂದು ದಾರಿ ಹಿಡಿದವನ ಹುರುಪು ಅದರಲ್ಲಿದೆ. ಅದರಲ್ಲಿ ಬರುವ 256 ಎಂಬ ಅಂಕಿಗೆ, ಊರುಬಿಟ್ಟು ತಿರುಗಾಟದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಬಹಳ ಮಂದಿ ಅರ್ಥ ಹೇಳುತ್ತಾರೆ. ಆಮೇಲಿನ ಶಾಸನಗಳಲ್ಲಿ ಸಂಘದ ಮಾತು ಹಿಂದೆ ಸರಿದು, ಎಲ್ಲ ಮತದವರೂ ಒಂದೆಡೆ ಬಾಳುವ, ಇನ್ನೊಬ್ಬರ ಮತವನ್ನು ಹೀಗಳೆಯದಿರುವ ಮಾತು ಮುಂದೆ ಬರುತ್ತದೆ. ಕೊನೆಗೆ, ಇಪ್ಪತ್ತಾರನೆಯ ಇಪ್ಪತ್ತೇಳನೆಯ ವರ್ಷದ ಕಂಬಶಾಸನಗಳಲ್ಲಿ, ಅವನು ಬಿಡುವುದನ್ನು ಕಲಿತಿದ್ದಾನೆ. ಲಕ್ಷಾಂತರ ಜನದ ಮೇಲಿರುವ ರಜ್ಜುಕರಿಗೆ ದಂಡನೆ ಬಹುಮಾನಗಳ ವಿಷಯದಲ್ಲಿ ಸ್ವಾತಂತ್ರ್ಯ ಕೊಟ್ಟಿದ್ದೇನೆ, ನುರಿತ ದಾದಿಯ ಕೈಗೆ ಮಗುವನ್ನು ಒಪ್ಪಿಸಿ ನಿಶ್ಚಿಂತರಾಗುವಂತೆ, ಎನ್ನುತ್ತಾನೆ. ಧರ್ಮ ಬೆಳೆದದ್ದು ಎರಡು ಬಗೆಯಿಂದ, ನಿಯಮದಿಂದ ಮತ್ತು ಮನವೊಲಿಸುವುದರಿಂದ; ಇವೆರಡರಲ್ಲಿ ನಿಯಮದಿಂದಾದದ್ದು ಅಲ್ಪ ಎಂದೂ ಹೇಳುತ್ತಾನೆ. ಜೀವಮಾನವೆಲ್ಲ ನಿಯಮ ಬರೆಸಿದವನ ಬಾಯಿಂದ ಬಂದ ಮಾತು ಇದು.

ಇಷ್ಟು ಹೇಳಿದ ಮೇಲೆ ಅವನು ಬಾಗದೆ ನಿಂತ ಜಾಗಗಳನ್ನೂ ಹೇಳದಿದ್ದರೆ ನ್ಯಾಯವಾಗದು. ಕಳಿಂಗದ ಪಶ್ಚಾತ್ತಾಪವನ್ನು ಬರೆಸಿದ ಅದೇ ಶಾಸನದಲ್ಲಿ ಕಾಡಿನ ಜನಕ್ಕೆ ಒಂದು ಎಚ್ಚರಿಕೆಯಿದೆ. ಪಶ್ಚಾತ್ತಾಪಪಟ್ಟಿದ್ದರೂ ನನಗೆ ಶಕ್ತಿಯುಂಟು, ನಾಚಿ ತಿದ್ದಿಕೊಳ್ಳಲಿ, ಇಲ್ಲವಾದರೆ ಸತ್ತಾರು ಎಂಬ ಧಾಟಿ ಅದು. ಕಾಡಿನವರು ಅವನ ಮಕ್ಕಳ ಲೆಕ್ಕದಲ್ಲಿ ಕೊನೆಯವರು. ಇನ್ನೊಂದು ಭಾಷೆಯ ವಿಷಯ. ವಾಯವ್ಯದ ಜನಕ್ಕೆ ಅವರು ಬಳಸುತ್ತಿದ್ದ ಖರೋಷ್ಠಿ ಲಿಪಿಯಲ್ಲಿ ಬರೆಸಿದ. ಕಂದಾಹಾರದಲ್ಲಿ 1958ರಲ್ಲಿ ಸಿಕ್ಕಿದ ಶಾಸನ ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿದೆ. ಧರ್ಮವೆಂಬ ಪದಕ್ಕೆ ಗ್ರೀಕರ ಭಕ್ತಿವಾಚಕ ಪದವೊಂದನ್ನೇ ಹುಡುಕಿ ಹಾಕಿಸಿದ್ದಾನೆ. ಇಸಿಲಕ್ಕೆ ಬಂದದ್ದು ಮಾತ್ರ ಪ್ರಾಕೃತ. ಇಲ್ಲಿಯವರ ಮನೆಮಾತು ಪ್ರಾಕೃತವಲ್ಲ. ಇಸಿಲವೆಂಬ ಹೆಸರೇ ಕನ್ನಡದ ಎಸು ಎಂಬ ಧಾತುವಿನಿಂದ ಬಂದದ್ದು, ಬಾಣವೆಸೆಯುವ ಎಡೆ, ಕೋಟೆ ಎಂಬ ಅರ್ಥದ್ದು ಎಂದು ಡಿ. ಎಲ್. ನರಸಿಂಹಾಚಾರ್ಯರು ಸೂಚಿಸಿದ್ದುಂಟು. ಅದು ನಿಜವಾದರೆ ದೊರೆಯ ಓಲೆಯಲ್ಲಿ ಕನ್ನಡದ ಪಾಲು ವಿಳಾಸ ಮಾತ್ರ! ಆಗ ಕನ್ನಡಕ್ಕೆ ಬರವಣಿಗೆಯ ಅಭ್ಯಾಸವಿರಲಿಲ್ಲ, ಗ್ರೀಕಿಗೆ ಇತ್ತು ಎಂದು ಸಮಾಧಾನ ಹೇಳಬಹುದು. ಕನ್ನಡ ತನ್ನ ಮಾತನ್ನು ತಾನು ಕಲ್ಲಿನ ಮೇಲೆ ಬರೆದುಕೊಳ್ಳಲು ಹಲ್ಮಿಡಿಯ ಕಾಲದವರೆಗೆ ಆರೇಳು ನೂರು ವರ್ಷ ಹಿಡಿಯಿತು. ಇಸಿಲದಲ್ಲಿ ಆ ಓಲೆಯನ್ನು ಜನಕ್ಕೆ ಅವರ ನುಡಿಯಲ್ಲಿ ತಿಳಿಯಹೇಳಿದವನೊಬ್ಬ ಇದ್ದೇ ಇರಬೇಕು. ದೊರೆಗೂ ದನಗಾಹಿಗೂ ನಡುವೆ ನಿಂತ ಆ ದುಭಾಷಿಯ ಮೇಲೆ ಎಲ್ಲವೂ ನಿಂತಿತ್ತು, ಅವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ.

ಆ ಕೇಳುಗರು ಯಾರೆಂಬುದನ್ನು ನೆಲ ಅಷ್ಟಿಷ್ಟು ಹೇಳಿದೆ. ಮೈಸೂರಿನ ಎಂ. ಎಚ್. ಕೃಷ್ಣ ಅವರು 1940ರ ಸುಮಾರಿನಲ್ಲಿ ಬ್ರಹ್ಮಗಿರಿಯ ಬುಡದಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ನಯಮಾಡಿದ ಕಲ್ಲುಕೊಡಲಿಗಳ ಜನ, ಅವರ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲ, ಕಪ್ಪು ಕೆಂಪು ಮಡಕೆಗಳ ಜನ, ಅದರ ಮೇಲೆ ಶಾತವಾಹನರ ಕಾಲದ ಬಣ್ಣದ ಮಡಕೆಗಳು. ಕಬ್ಬಿಣದ ಜನ ತಮ್ಮ ಸತ್ತವರ ಎಲುಬುಗಳನ್ನು ಚಪ್ಪಡಿಗಳಿಂದ ಕಟ್ಟಿದ ಕಲ್ಲುಗೋರಿಗಳಲ್ಲಿಟ್ಟು, ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆಯುತ್ತಿದ್ದರು. ವೀಲರ್ ಇವಕ್ಕೆ ಹಾಕಿದ ಕಾಲವನ್ನು ಮುಂದಿನವರು ಸಾಕಷ್ಟು ಹಿಂದಕ್ಕೆ ಸರಿಸಿದ್ದಾರೆ. ಇಂಥ ಜನದ ನಡುವೆ ಒಂದು ದಿನ ಪಾಟಲಿಪುತ್ರದ ಕಡೆಯ ಉಡುಪಿನ ಅಧಿಕಾರಿಗಳು ಬಂದು ನಿಂತು, ಶಿಷ್ಯನು ಗುರುವನ್ನು ಗೌರವಿಸಲಿ ಎಂದರು. ಮುದುಕರು ತಲೆಯಾಡಿಸಿರಬೇಕು. ಅಷ್ಟಂತೂ ಅವರಿಗೆ ಗೊತ್ತಿದ್ದ ಮಾತು.

ಈ ಸೀಮೆಗೆ ದೂರದಿಂದ ಆಜ್ಞೆ ಬರುವುದು ಅಲ್ಲಿಗೇ ನಿಲ್ಲಲಿಲ್ಲ. ಚಳ್ಳಕೆರೆಯ ಸುತ್ತ ಅಮೃತಮಹಲ್ ಕಾವಲುಗಳಿವೆ. ಮೈಸೂರು ಅರಸರ, ಹೈದರ್ ಟಿಪ್ಪುಗಳ ಕಾಲದಿಂದ ದನದ ಮೇವಿಗೆ ಬಿಟ್ಟ ಹುಲ್ಲುಗಾವಲು. 2010ರ ಆಸುಪಾಸಿನಲ್ಲಿ ಅಲ್ಲಿಯ ಸುಮಾರು 10,000 ಎಕರೆಯನ್ನು ವಿಜ್ಞಾನ, ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆ ಏಳುವವರೆಗೆ ತಮಗೆ ಸಂಗತಿ ತಿಳಿಯಲಿಲ್ಲವೆಂದು ಕುರಿ ದನ ಮೇಯಿಸುವ ಹಳ್ಳಿಗರು ಹೇಳಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಬೇಡವೆಂದು ಯಾರೂ ಹೇಳರು, ನಾನಂತೂ ಹೇಳಲಾರೆ. ಆದರೆ ಬ್ರಹ್ಮಗಿರಿ ಅಲ್ಲಿಗೆ ಎಷ್ಟು ದೂರ! ಓಲೆಗೆ ಮೊದಲು ಆರೋಗ್ಯವನ್ನು ಕೇಳುವ ಪದ್ಧತಿಯನ್ನು ಅಲ್ಲಿ ಕಲ್ಲಿನ ಮೇಲೆಯೇ ಬರೆದಿತ್ತು.

ಓಲೆಯ ಕೊನೆಯ ಸಾಲಿನಲ್ಲಿ ಬರೆದವನ ಹೆಸರಿದೆ: ಚಪಡ. ಓಲೆಯೆಲ್ಲವನ್ನೂ ಅವನು ಈ ಕಡೆಗೆ ಸಲ್ಲುವ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ ಬರೆದಿದ್ದಾನೆ. ತನ್ನ ಕಸುಬನ್ನು ಹೇಳುವ ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದು ಮುಗಿಸಿದ್ದಾನೆ. ಗಾಂಧಾರದ ಕಡೆಯಿಂದ ಬಂದವನೋ, ಆ ಕಡೆ ಕೆಲಸ ಮಾಡಿದವನೋ ಇರಬೇಕು. ಮೊಳಕಾಲ್ಮೂರಿನ ಬಿಸಿಲಿನಲ್ಲಿ ನಿಂತು ಅವನಿಗೆ ಅದೊಂದು ಪದವನ್ನಾದರೂ ತನ್ನ ಕೈಯ ರೂಢಿಯಲ್ಲಿ ಬರೆಯಬೇಕೆನಿಸಿತು, ಯಾವ ಮಹಾಮಾತ್ರನೂ ಅದನ್ನು ಅಳಿಸಲಿಲ್ಲ. ಬ್ರಹ್ಮಗಿರಿಯಲ್ಲಿ ಅದು ಈಗಲೂ ಇದೆ. ಜಟಿಂಗ ರಾಮೇಶ್ವರದ ಪ್ರತಿಯ ಗತಿ ಬೇರೆ. ಆ ಬಂಡೆ ದೇವಸ್ಥಾನಕ್ಕೆ ಹೋಗುವ ದಾರಿಯ ಮಗ್ಗುಲಲ್ಲೇ ಇದೆ. ಪರಿಷೆಯ ದಿನ ಬಳೆ ಮಾರುವವರು ಅದರ ಮೇಲೆ ಕೂರುತ್ತಿದ್ದುದರಿಂದ ಬಳೆಗಾರರ ಗುಂಡು ಎಂದು ಅದಕ್ಕೆ ಹೆಸರು. ಕಾಲುಗಳು ತುಳಿದು, ಮಲಾರಗಳು ಉಜ್ಜಿ, ಅಕ್ಷರ ಬಹಳ ಮಟ್ಟಿಗೆ ಸವೆದುಹೋಗಿದೆ. ಉಳಿದ ಎರಡು ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದುತ್ತಾರೆ.